ಬಿಡಿ ಮೇಷ್ಟ್ರ ಹೊಸ ಗಾಡಿ

ನನ್ನ ಸೋದರಮಾವನಿಗೆ ಊರು ಇಟ್ಟ ಹೆಸರು ಬಿಡಿ ಮೇಷ್ಟ್ರು. ಹೊಸದಾಗಿ ಕೇಳಿದವರು ಬೀಡಿ ಮೇಷ್ಟ್ರು ಎಂದು ತಿಳಿದು, ಇಷ್ಟು ಶಿಸ್ತಿನ ಮನುಷ್ಯ ಸೇದುತ್ತಾರೆಯೇ ಎಂದು ಹುಬ್ಬೇರಿಸುತ್ತಾರೆ. ಮಾವ ಸೇದುವುದು ಹಾಗಿರಲಿ, ಪಕ್ಕದಲ್ಲಿ ಯಾರಾದರೂ ಹಚ್ಚಿದರೆ ಕೆಮ್ಮಿ ಕೆಮ್ಮಿ ಅವರೇ ಆರಿಸುವಂತೆ ಮಾಡುತ್ತಾರೆ. ಹೆಸರು ಬಂದದ್ದು ಕ್ಲಚ್ಚಿನಿಂದ. ಕಾರು ಕಲಿಸುವ ಶಾಲೆ ಅವರದು. ಕಲಿಯುವವರು ಜೀವ ಹೋದರೂ ಬಿಡೆನೆಂದು ಎಡಗಾಲಿನಲ್ಲಿ ಕ್ಲಚ್ಚನ್ನು ಒತ್ತಿ ಹಿಡಿದಾಗ ಪಕ್ಕದ ಸೀಟಿನಿಂದ ಮಾವನ ದನಿ ಬರುತ್ತದೆ: “ಬಿಡಿ. ನಿಧಾನಕ್ಕೆ ಬಿಡಿ. ಪೂರ್ತಿ ಬಿಡಿ.” ಊರಿನ ಅರ್ಧ ಜನ ಈ ಮಾತು ಕೇಳಿಕೊಂಡೇ ರಸ್ತೆಗಿಳಿದವರು.

ಮಾವನ ಬದುಕು ಕಳೆದದ್ದೇ ಪಕ್ಕದ ಸೀಟಿನಲ್ಲಿ. ಆ ಸೀಟಿನ ಕೆಳಗೆ ಅವರಿಗೆಂದೇ ಇನ್ನೊಂದು ಬ್ರೇಕು, ಇನ್ನೊಂದು ಕ್ಲಚ್ಚು ಇವೆ. ಅದರಿಂದಾಗಿ ಅವರ ಬಲಗಾಲಿಗೆ ಒಂದು ಚಟ ಅಂಟಿಕೊಂಡಿದೆ. ಬಸ್ಸಿನಲ್ಲಿ ಕೂತರೂ ನೆಲ ಒತ್ತುತ್ತಾರೆ. ಟಿವಿಯಲ್ಲಿ ಯಾರಾದರೂ ಕಾರನ್ನು ಜೋರಾಗಿ ತಿರುಗಿಸಿದರೆ ಕುರ್ಚಿಯ ಕಾಲು ಒತ್ತುತ್ತಾರೆ. ಊಟಕ್ಕೆ ಕೂತಾಗ ನಾನು ಅವಸರಪಟ್ಟು ಬಿಸಿ ಪಾತ್ರೆಗೆ ಕೈ ಹಾಕಿದರೆ ಮೇಜಿನ ಕೆಳಗೆ ನನ್ನ ಪಾದದ ಮೇಲೆ ಬ್ರೇಕು ಬೀಳುತ್ತದೆ.

ಇನ್ನೊಂದು ವಿಷಯ ಹೇಳದಿದ್ದರೆ ಮಾವನ ಬಗ್ಗೆ ಏನೂ ಹೇಳಿದಂತಾಗುವುದಿಲ್ಲ. ಸ್ಟೀರಿಂಗ್ ಹಿಡಿದವರು ಯಾರೇ ಆಗಲಿ, ಮಾವನಿಗೆ ಅವರು ‘ನೀವು’. ಕಾಲೇಜಿನ ಹುಡುಗರು, ಅಕ್ಕಪಕ್ಕದ ಮನೆಯ ಮಕ್ಕಳು, ಅವರು ಎತ್ತಿ ಆಡಿಸಿದ ಸೋದರಸೊಸೆಯಾದ ನಾನು, ಎಲ್ಲರಿಗೂ ಒಂದೇ ನಿಯಮ. ನಾನು ಕಲಿಯಲು ಹೋದ ಮೊದಲ ದಿನ, ಮನೆಬಾಗಿಲಲ್ಲಿ “ಏ ಕೋತಿ, ಚಪ್ಪಲಿ ಅಡ್ಡ ಬಿಟ್ಟಿದ್ದೀಯಲ್ಲ” ಎಂದ ಅದೇ ಬಾಯಿ, ನಾನು ಕೀಲಿ ತಿರುಗಿಸುತ್ತಲೇ “ನೀವು ಕನ್ನಡಿ ನೋಡಿದ್ರಾ?” ಎಂದಿತು. ಇದ್ಯಾರಪ್ಪ ದೊಡ್ಡ ಮನುಷ್ಯರು ಎಂದು ನಾನು ಹಿಂದಿನ ಸೀಟಿನ ಕಡೆ ತಿರುಗಿದೆ. ಅಲ್ಲಿ ಒಂದು ಹಳೆಯ ಛತ್ರಿ ಬಿಟ್ಟರೆ ಯಾರೂ ಇರಲಿಲ್ಲ. ಯಾಕೆ ಹೀಗೆ ಎಂದು ಆಮೇಲೆ ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಸರಳವಾಗಿತ್ತು. “ಗಾಡಿ ಯಾರ ಕೈಲಿದೆಯೋ ನನ್ನ ಜೀವ ಅವರ ಕೈಲಿ. ಅವರಿಗೆ ಮರ್ಯಾದೆ ಕೊಡದೆ ಇನ್ಯಾರಿಗೆ ಕೊಡ್ಲಿ?” ಕಾರಿನಿಂದ ಇಳಿದು ಬಾಗಿಲು ಹಾಕಿದ ಕೂಡಲೇ ನಾನು ಮತ್ತೆ ಕೋತಿಯಾಗಿದ್ದೆ.

ನನ್ನದು ಕನ್ನಡಕದ ಅಂಗಡಿ. ಅಂಗಡಿಗೂ ಮಾವನ ಶಾಲೆಯ ಆಫೀಸಿಗೂ ನಡುವೆ ಒಂದೇ ಗೋಡೆ. ಅವರ ಬಳಿ ಸೇರಲು ಬಂದವರನ್ನು ಮೊದಲು ಕಣ್ಣು ತೋರಿಸಿಕೊಂಡು ಬನ್ನಿ ಎಂದು ನನ್ನ ಕಡೆ ಅಟ್ಟುತ್ತಾರೆ. ಲಾರಿ ಕಾಣದವರೂ ಲಾರಿ ಓಡಿಸಲು ಬರುತ್ತಾರೆ, ಅದು ಬೇರೆ ಕಥೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಮಾವನಿಗೆ ಸಿಟ್ಟೇ ಇಲ್ಲ. ಹಾಗಾಗಿ ಅವರ ಪಾಲಿನದನ್ನೂ ನಾನೇ ಮಾಡಿಕೊಳ್ಳುತ್ತ ಬಂದಿದ್ದೇನೆ.

ಈ ಸಂಸಾರದ ಮೂರನೆಯ ವ್ಯಕ್ತಿ ಅತ್ತೆ, ಅಂದರೆ ಮಾವನ ಹೆಂಡತಿ. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಮೈಕು ಹಿಡಿದು ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಕೂಗುವುದು ಅವರ ಕೆಲಸ. ಆ ದನಿಗೆ ಇಡೀ ನಿಲ್ದಾಣ ಎದ್ದು ಓಡುತ್ತದೆ. ಮನೆಯಲ್ಲಿ ಮಾತ್ರ ಅತ್ತೆ ಮೈಕಿಲ್ಲದ ಮನುಷ್ಯರು, ಮಾತು ಕಡಿಮೆ. ಊರಿಗೆಲ್ಲ ಕಾರು ಕಲಿಸಿದ ಗಂಡನ ಹತ್ತಿರ ತಾನೂ ಕಲಿಯಬೇಕೆಂದು ಅವರು ಒಂದು ದಿನವೂ ಕೇಳಿದವರಲ್ಲ. ಕೆಲಸಕ್ಕೆ ಹೋಗುವುದೂ ಬರುವುದೂ ಬಸ್ಸಿನಲ್ಲೇ. ಅಂಥವರು ಹೋದ ವರ್ಷ ಇದ್ದಕ್ಕಿದ್ದಂತೆ, ತರಕಾರಿ ಹೆಚ್ಚುತ್ತ, “ನಾಳೆಯಿಂದ ನಾನೂ ಕಲೀತೀನಿ” ಎಂದರು. ಮಾವ “ಕಲಿ” ಎಂದರು. ಅಷ್ಟೇ ಆದ ಮಾತು.

ಅತ್ತೆ ಕಲಿಕೆ ಶುರು ಮಾಡಿದ ಸ್ವಲ್ಪ ದಿನಕ್ಕೇ ಶಾಲೆಗೆ ಗ್ರಹಚಾರ ಬಂತು. ಶಾಲೆಯ ಕಾರು ಹಳೆಯದು. ಬಾಗಿಲು ಹಾಕಬೇಕೆಂದರೆ ಸ್ವಲ್ಪ ಮೇಲೆತ್ತಿ ಹಾಕಬೇಕು. ಮೂರನೆಯ ಗೇರು ಕೂಗಿ ಹೇಳದೆ ಬೀಳುವುದಿಲ್ಲ. ಪ್ರತಿ ವರ್ಷ ಅದಕ್ಕೆ ಸಾರಿಗೆ ಕಚೇರಿಯಿಂದ ಓಡಬಹುದು ಎಂಬ ಕಾಗದ ಬೇಕು. ಅಲ್ಲಿನ ಇನ್‌ಸ್ಪೆಕ್ಟರು ಮಾವನ ಹಳೆಯ ಶಿಷ್ಯ. ಕಾರಿನ ಸುತ್ತ ಸುತ್ತಿ, ಬಾನೆಟ್ಟು ಎತ್ತಿ, ಇಳಿಸಿ, ತಲೆ ಕೆರೆದುಕೊಂಡು, ವರ್ಷ ಮುಗಿಯುವವರೆಗೆ ಓಡಿಸಿ ಮೇಷ್ಟ್ರೇ, ಆಮೇಲೆ ನನ್ನ ಕೈಲಾಗಲ್ಲ ಎಂದರು. ಅಷ್ಟರೊಳಗೆ ಹೊಸ ಗಾಡಿ ಬರದಿದ್ದರೆ ಶಾಲೆಯ ಬಾಗಿಲು ಮುಚ್ಚಬೇಕು.

ಮುಚ್ಚಿದರೆ ಮಾವನಿಗೆ ಅನ್ನಕ್ಕೇನೂ ತೊಂದರೆಯಿರಲಿಲ್ಲ. ರಸ್ತೆಯ ಆಚೆ ಗಾಜಿನ ಕಟ್ಟಡದಲ್ಲಿ ಹೊಸದೊಂದು ಡ್ರೈವಿಂಗ್ ಶಾಲೆ ಬಂದಿತ್ತು. ಅಲ್ಲಿ ಕಾರಿಗೆ ಮೊದಲು ಒಂದು ಯಂತ್ರ, ಅದರ ಮುಂದೊಂದು ಪರದೆ, ಪರದೆಯೊಳಗೇ ರಸ್ತೆ. ಅದರ ಯಜಮಾನರು ಮಾವನನ್ನು ಕರೆದು, ನಮ್ಮಲ್ಲಿಗೇ ಬಂದುಬಿಡಿ, ನೆರಳಲ್ಲಿ ಕೂತು ಕಲಿಸಿ ಎಂದಿದ್ದರು. ಮಾವ ಹೋಗಿ ಯಂತ್ರದ ಪಕ್ಕ ಕೂತು ನೋಡಿ ಬಂದರು. ಆಮೇಲೆ ಕೈ ತೊಳೆಯುತ್ತ, “ಅಲ್ಲಿ ಗೋಡೆಗೆ ಗುದ್ದಿದ್ರೂ ಯಾರಿಗೂ ಏನೂ ಆಗಲ್ಲ. ಹಾಗಾದ್ರೆ ಪಕ್ಕದಲ್ಲಿ ನಾನ್ಯಾಕೆ?” ಎಂದರು. ಅವರಿಗೆ ಭಯವಾಗಿತ್ತು. ಮಾವನ ಮುಖದಲ್ಲಿ ಭಯ ಕಂಡದ್ದು ನನಗೆ ಅದೇ ಮೊದಲು.

ಸರಿ, ಹೊಸ ಗಾಡಿ ಕೊಂಡರಾಯಿತು ಎಂದು ಹೊರಟೆವು. ಬ್ಯಾಂಕು ಒಪ್ಪಿತ್ತು, ಒಪ್ಪದೇ ಇದ್ದದ್ದು ಕಾರುಗಳು. ಆ ವರ್ಷ ಊರಿನಲ್ಲಿ ಕಾರು ಕೊಳ್ಳುವವರಿದ್ದರು, ಮಾರುವವರಿದ್ದರು, ಕಾರು ಮಾತ್ರ ಇರಲಿಲ್ಲ. ಎಲ್ಲೋ ಯಾವುದೋ ಕಾರ್ಖಾನೆಯಲ್ಲಿ ಉಗುರಿನಷ್ಟು ಸಣ್ಣ ಬಿಡಿಭಾಗವೊಂದು ತಯಾರಾಗುತ್ತಿಲ್ಲವಂತೆ, ಅದಕ್ಕಾಗಿ ಇಷ್ಟಿಷ್ಟು ದೊಡ್ಡ ಕಾರುಗಳೆಲ್ಲ ಸಾಲಾಗಿ ಕಾಯುತ್ತಿವೆಯಂತೆ. ಅಲ್ಲೂ ಬಿಡಿಯದೇ ತಕರಾರಾ ಎಂದು ನಾನು ನಕ್ಕೆ. ಮಾವ ನಗಲಿಲ್ಲ. ಬರುತ್ತಿದ್ದ ನಾಲ್ಕಾರು ಕಾರುಗಳಲ್ಲೂ ಕ್ಲಚ್ಚಿಲ್ಲದವೇ ಹೆಚ್ಚು. ಕ್ಲಚ್ಚಿಲ್ಲದ ಕಾರಿನಲ್ಲಿ ಕಲಿಸುವುದೆಂದರೆ ಮಾವನ ಲೆಕ್ಕದಲ್ಲಿ ನೀರಿಲ್ಲದ ತೊಟ್ಟಿಯಲ್ಲಿ ಈಜು ಕಲಿಸಿದ ಹಾಗೆ.

ಒಂದು ಶೋರೂಮಿನಲ್ಲಿ ನುಣ್ಣನೆಯ ನೆಲ, ನೆಲದ ಮೇಲೆ ನಮ್ಮದೇ ಪ್ರತಿಬಿಂಬ, ಕಾರಿನ ಜಾಗದಲ್ಲಿ ಕಾರಿನ ಫೋಟೋ. ಇನ್ನೊಂದರಲ್ಲಿ ಒಂದೇ ಒಂದು ಕಾರಿತ್ತು. ಅದಕ್ಕೆ ಮಾರಾಟವಾಗಿದೆ ಎಂಬ ಚೀಟಿ ಅಂಟಿಸಿ, ಸುತ್ತ ಹಗ್ಗ ಕಟ್ಟಿದ್ದರು. ಟೈ ಕಟ್ಟಿದವರು ಓಡಿ ಬಂದು ತಣ್ಣನೆಯ ನೀರು ಕೊಡುತ್ತಿದ್ದರು, ಕೂರಿಸುತ್ತಿದ್ದರು, ಬುಕ್ ಮಾಡಿ ಸಾರ್ ಅನ್ನುತ್ತಿದ್ದರು. ಯಾವಾಗ ಬರುತ್ತೆ ಎಂದರೆ ಮೂಗಿಗೆ ತುಪ್ಪ ಸವರಿ ಕಳಿಸುತ್ತಿದ್ದರು. ಇಷ್ಟು ನಯವಾಗಿ ಇಲ್ಲ ಅನ್ನಿಸಿಕೊಂಡು ಬರುವುದು ನನಗೆ ರೂಢಿಯಿರಲಿಲ್ಲ. ಮೂರನೆಯ ಲೋಟ ನೀರಿನ ಹೊತ್ತಿಗೆ ನಾನು ದನಿ ಏರಿಸಿದ್ದೆ.

ಹಳೆಯ ಕಾರುಗಳ ದಲ್ಲಾಳಿಯ ಬಳಿಯೂ ಹೋದೆವು. ಹೊಸದು ಸಿಗದ ಕಾಲದಲ್ಲಿ ಹಳೆಯದಕ್ಕೆ ಕೊಂಬು ಬಂದಿರುತ್ತದೆ. ಅವನು ತಗ್ಗುಬಿದ್ದ ಬಾಗಿಲೊಂದನ್ನು ಸವರುತ್ತ, ಇದು ಒಬ್ಬ ಡಾಕ್ಟರು ಭಾನುವಾರ ಮಾತ್ರ ಹೊರಗೆ ತೆಗೆಯುತ್ತಿದ್ದ ಗಾಡಿ ಎಂದ. ಮಾವ ಒಂದು ಸಲ ಕ್ಲಚ್ಚು ಒತ್ತಿ, ಸವೆದಿದೆ ಎಂದು ಕಾಲು ಎತ್ತಿದರು. ವಾರದ ಉಳಿದ ದಿನ ಕಾಂಪೌಂಡರು ತೆಗೆಯುತ್ತಿದ್ದಿರಬೇಕು ಎಂದು ನಾನೆಂದೆ. ದಲ್ಲಾಳಿ ನನ್ನನ್ನು ಬಿಟ್ಟು ಮಾವನೊಬ್ಬರ ಜೊತೆಯೇ ಮಾತಾಡಲು ಶುರುಮಾಡಿದ.

ಮಾವ ಕಾರು ನೋಡುವ ಕ್ರಮವೇ ವಿಚಿತ್ರ. ಬಣ್ಣ ನೋಡುವುದಿಲ್ಲ, ಹಾಡಿನ ಪೆಟ್ಟಿಗೆ ಇದೆಯೇ ಎಂದು ಕೇಳುವುದಿಲ್ಲ. ನೇರ ಹೋಗಿ ಪಕ್ಕದ ಸೀಟಿನಲ್ಲಿ ಕೂತು, ಕಾಲು ಚಾಚಿ, ಕಣ್ಣು ಮುಚ್ಚುತ್ತಾರೆ. ಅಲ್ಲಿ ಇನ್ನೊಂದು ಬ್ರೇಕಿಗೆ ಜಾಗ ಇದೆಯೇ ಎಂದು ಅವರ ಕಾಲು ನೋಡುತ್ತಿರುತ್ತದೆ. ಟೈ ಕಟ್ಟಿದವರೊಬ್ಬರು ಪಾಪ, ಡ್ರೈವರ್ ಸೀಟು ಆ ಕಡೆ ಸಾರ್ ಎಂದು ಮೆಲ್ಲಗೆ ತಿದ್ದಲು ನೋಡಿದರು. ಮಾವ ಕಣ್ಣು ತೆರೆಯದೆಯೇ, ನಂದು ಈ ಕಡೆನೇ ಎಂದರು.

ಕೊನೆಗೆ ನೀರಿನ ಟ್ಯಾಂಕಿನ ಹತ್ತಿರದ ಶೋರೂಮಿನಲ್ಲಿ ಒಬ್ಬ ಹುಡುಗಿ ಸಿಕ್ಕಳು. ಅಲ್ಲಿನ ಮಾರಾಟದ ಹುಡುಗಿ. ಅವಳು ಉಳಿದವರ ಹಾಗೆ ಮಾತಿಗೆ ಬಣ್ಣ ಹಚ್ಚಲಿಲ್ಲ. ಕ್ಲಚ್ಚಿರುವ ಸಣ್ಣ ಕಾರು ವರ್ಷ ಮುಗಿಯುವುದರೊಳಗೆ ಒಂದು ಬಂದರೂ ಬರಬಹುದು, ಬಂದ ಕೂಡಲೇ ಫೋನು ಮಾಡುತ್ತೇನೆ, ನಿಮ್ಮ ಹಿಂದೆ ಜನ ನಿಂತಿದ್ದಾರೆ, ಆಗಲೇ ಹೌದು ಅಥವಾ ಇಲ್ಲ ಹೇಳಿಬಿಡಬೇಕು ಎಂದಳು. ಬಿಳಿ ಬಣ್ಣ ಎಂದು ಬರೆಸಿ ಬಂದೆವು. ಅಂದಿನಿಂದ ಮಾವ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆ ಫೋನು ಕಾಯತೊಡಗಿದರು. ಪಾಠದ ಹೊತ್ತಿನಲ್ಲಿ ಫೋನು ಮುಟ್ಟುವುದಿಲ್ಲ ಎಂಬುದು ಅವರ ಇನ್ನೊಂದು ನಿಯಮವಾಗಿತ್ತು. ಅದನ್ನು ಈ ಒಂದು ಕರೆಗಾಗಿ ಸಡಿಲ ಮಾಡಿದರು. ಆಗಿದ್ದೆಲ್ಲ ಆಗಿದ್ದು ಅಲ್ಲೇ.

ಒಂದು ಸಂಜೆ ನಾನು ಅಂಗಡಿ ಮುಚ್ಚಿ, ಮನೆಗೆ ಹೋಗಲು ಶಾಲೆಯ ಕಾರಿನ ಹಿಂದಿನ ಸೀಟು ಹತ್ತಿದೆ. ಸ್ಟೀರಿಂಗಿನಲ್ಲಿ ಅತ್ತೆ, ಪಕ್ಕದಲ್ಲಿ ಮಾವ. ಟ್ಯಾಂಕಿನ ಬಳಿಯ ಏರಿನಲ್ಲಿ ಮುಂದೆ ಹಾಲಿನ ಲಾರಿ ನಿಂತಿತು. ಅತ್ತೆಯೂ ನಿಲ್ಲಿಸಿದರು. ಏರಿನಲ್ಲಿ ನಿಂತು ಮತ್ತೆ ಹೊರಡುವುದೇ ಅವರಿಗೆ ಬಾರದ ಒಂದೇ ವಿದ್ಯೆ. ಪ್ರತಿ ಸಲ ಕಾರು ಗಕ್ಕೆಂದು ಕೆಮ್ಮಿ ಸತ್ತುಹೋಗುತ್ತಿತ್ತು. ಅಷ್ಟರಲ್ಲಿ ಮಾವನ ಫೋನು ಹೊಡೆದುಕೊಂಡಿತು. ಹೆಸರು ನೋಡಿ ಮಾವನ ಮುಖ ಅರಳಿತು. ಕಿವಿಗಿಟ್ಟುಕೊಂಡು ಹಲೋ ಎಂದರು. ಆ ಕಡೆಯಿಂದ ಹುಡುಗಿ ಏನು ಹೇಳುತ್ತಿದ್ದಳು ಎಂಬುದು ನಮಗೆ ತಿಳಿದದ್ದು ಆಮೇಲೆ. ಆಗ ಕಂಡದ್ದು ಇಷ್ಟು: ಲಾರಿ ಮುಂದೆ ಸರಿಯಿತು, ಹಿಂದಿನವರು ಹಾರ್ನು ಹೊಡೆದರು, ಅತ್ತೆ ಕ್ಲಚ್ಚಿನ ಮೇಲೆ ನಿಂತೇಬಿಟ್ಟವರಂತೆ ಕಲ್ಲಾದರು.

“ಬಿಡಿ,” ಎಂದರು ಮಾವ, ಫೋನು ಕಿವಿಯಲ್ಲೇ ಇತ್ತು. “ಹೆದರಬೇಡಿ, ಬಿಡಿ.”

ಅತ್ತೆ ಸ್ವಲ್ಪ ಬಿಟ್ಟರು. ಕಾರು ನಡುಗಿತು.

“ಪೂರ್ತಿ ಬಿಡಿ. ಎಷ್ಟು ಸಲ ಹೇಳ್ಬೇಕು ನಿಮಗೆ, ಬಿಟ್ಬಿಡಿ.”

ಅತ್ತೆ ಬಿಟ್ಟರು. ಹಳೆಯ ಕಾರು ಕೆಮ್ಮಲಿಲ್ಲ, ಸಾಯಲಿಲ್ಲ, ಮಗುವಿನ ಹಾಗೆ ಏರು ಹತ್ತಿತು. ನಾನು ಹಿಂದಿನಿಂದ ಚಪ್ಪಾಳೆ ತಟ್ಟಿದೆ. ಮಾವ ಫೋನಿಗೆ, ಹೇಳಮ್ಮ ಈಗ ಎಂದರು. ಆ ಕಡೆ ಯಾರೂ ಇರಲಿಲ್ಲ. ಮೇಲೆ ಹೋಗಿ ಕಾರು ನಿಲ್ಲಿಸಿ ಮತ್ತೆ ಮಾಡಿದರೆ ಫೋನು ಸಿಗಲಿಲ್ಲ. ಸ್ವಲ್ಪ ಹೊತ್ತಿಗೆ ಅವಳಿಂದ ಒಂದು ಮೆಸೇಜು ಬಂತು. ಸಣ್ಣ ಅಕ್ಷರ ಓದಲು ಮಾವ ಕನ್ನಡಕ ತಂದಿರಲಿಲ್ಲ, ನಾನು ಓದಿ ಹೇಳಿದೆ. ನೀವು ಹೇಳಿದ ಹಾಗೆ ಗಾಡಿ ಬಿಟ್ಟಿದ್ದೇನೆ ಸಾರ್, ಹಿಂದಿನವರಿಗೆ ಕೊಟ್ಟಾಯಿತು, ಬೇಜಾರು ಮಾಡಿಕೊಳ್ಳಬೇಡಿ ಎಂದಿತ್ತು.

ಮರುದಿನ ಬೆಳಿಗ್ಗೆ ನಾನು ಶೋರೂಮಿಗೆ ಜಗಳಕ್ಕೇ ಹೋದೆ. ಹುಡುಗಿಯ ಮುಖ ಸಣ್ಣದಾಗಿತ್ತು. ಕಾರು ಬಂದಿತ್ತಂತೆ, ಕ್ಲಚ್ಚಿದ್ದದ್ದೇ, ಆದರೆ ಬಿಳಿಯಲ್ಲ, ಹಳದಿ. ಹಳದಿ ಆಗುತ್ತೋ ಇಲ್ಲವೋ ಎಂದು ಅವಳು ಕೇಳಿದ್ದು ಒಂದೇ ಮಾತು: ಇಟ್ಕೊಳ್ಳಲಾ, ಬಿಡ್ಲಾ? “ಬಿಡಿ ಅಂದ್ರು,” ಎಂದಳು. “ಖಂಡಿತಾನಾ ಸಾರ್ ಅಂದೆ. ಪೂರ್ತಿ ಬಿಡಿ, ಎಷ್ಟು ಸಲ ಹೇಳ್ಬೇಕು ಅಂತ ಬೈದ್ರು. ನಾನೇನು ಮಾಡ್ಲಿ ಮೇಡಂ?” ಅದು ಕ್ಲಚ್ಚಿಗೆ ಹೇಳಿದ್ದು ಎಂದು ನಾನು ವಿವರಿಸಬೇಕಾಯಿತು. ಅವಳು ಮೊದಲು ಬಾಯಿ ಮೇಲೆ ಕೈ ಇಟ್ಟುಕೊಂಡಳು, ಆಮೇಲೆ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡು ಕ್ಷಮಿಸಿ ಎಂದಳು. ಜಗಳಕ್ಕೆಂದು ಕಟ್ಟಿಕೊಂಡು ಹೋಗಿದ್ದ ಮಾತೆಲ್ಲ ನನ್ನ ಬಾಯಲ್ಲೇ ಉಳಿಯಿತು. ಕಾರು ಹೋಗಿತ್ತು. ಇನ್ನೊಂದು ಬರುವುದು ವರ್ಷ ಕಳೆದ ಮೇಲೆಯೇ ಎಂದಳು.

ಮನೆಯಲ್ಲಿ ಮಾವ ಯಾರನ್ನೂ ದೂರಲಿಲ್ಲ. ಗಾಡಿ ಏರು ಹತ್ತಿತಲ್ಲ, ಅದು ದೊಡ್ಡದು ಎಂದರು. ಈ ಒಳ್ಳೆಯತನ ಕಂಡು ನನಗೆ ಮೈ ಉರಿಯಿತು. ಒಂದು ಸಲವಾದರೂ ಬೈಯಬಾರದೇ ಮಾವ, ನನ್ನನ್ನೋ, ಫೋನನ್ನೋ ಎಂದೆ. ಅವರು ಆಫೀಸಿನ ಗೋಡೆಗೆ ಹಾಕಿದ್ದ ರಸ್ತೆ ಚಿಹ್ನೆಗಳ ಪಟ ಬಿಚ್ಚಿ ಸುರುಳಿ ಸುತ್ತಿ ತಂದಿದ್ದರು. ಅದನ್ನು ಎಲ್ಲಿಡುವುದೆಂದು ತಿಳಿಯದೆ ಮನೆಯೊಳಗೆ ಆ ಮೂಲೆಯಿಂದ ಈ ಮೂಲೆಗೆ ಓಡಾಡುತ್ತಿದ್ದರು. ಕೊನೆಗೆ ಅತ್ತೆಯ ಬೀರುವಿನ ಹಿಂದೆ ಒರಗಿಸಿದರು.

ಅತ್ತೆ ಅಡುಗೆಮನೆಯಲ್ಲಿ ಒಬ್ಬರೇ ನಿಂತು ಅಳುತ್ತಿದ್ದರು. ನನ್ನ ಕಾಲಿಂದ ಅವರ ಶಾಲೆ ಹೋಯ್ತು ಎಂದರು. ನಾನು ಸಮಾಧಾನ ಮಾಡಲು ಹೋಗಿ, ನನ್ನ ನಾಲಿಗೆಯ ಗುಣ, ಬೇರೆಯದೇ ಕೇಳಿಬಿಟ್ಟೆ. ಇಷ್ಟು ವರ್ಷ ಸುಮ್ಮನಿದ್ದು ಈಗ್ಯಾಕೆ ಅತ್ತೆ ನಿಮಗೆ ಈ ಕಾರಿನ ಹುಚ್ಚು ಎಂದೆ. ಅವರು ಸೆರಗಿನಲ್ಲಿ ಮೂಗೊರೆಸಿಕೊಂಡು ನಕ್ಕರು.

“ನಾನು ಕಲಿಯೋಕೆ ಮುಂಚೆ ಶಾಲೆ ಕಾರಲ್ಲಿ ಹಿಂದೆ ಕೂತು ಬಂದೆ ಒಂದಿನ. ಯಾವುದೋ ಹುಡುಗಿ ಓಡಿಸ್ತಿದ್ಲು. ಇನ್ನೂ ಕೂಸು. ಅವಳಿಗೆ ನೀವು ಹಾಗೆ ಮಾಡಿ, ನೀವು ಹೀಗೆ ಮಾಡಿ ಅಂತ ಎಷ್ಟು ಚೆನ್ನಾಗಿ ಹೇಳ್ತಿದ್ರು ನಿಮ್ಮಾವ. ಮನೆಗೆ ಬಂದು ನನಗೆ, ನೀರು ತಗೊಂಡು ಬಾ ಅಂದ್ರು. ತಪ್ಪಿಲ್ಲ ಬಿಡು, ಎಲ್ಲರ ಮನೇಲೂ ಹಾಗೇನೇ. ಆದ್ರೆ ನಂಗೂ ಒಂದ್ಸಲ ಅನ್ನಿಸ್ಕೋಬೇಕು ಅನ್ನಿಸ್ತು. ನೀವು ಅನ್ನಿಸ್ಕೊಳ್ಳೋಕೆ ಈ ವಯಸ್ಸಲ್ಲಿ ಕ್ಲಚ್ ಒತ್ಬೇಕಾಯ್ತು ನೋಡು.”

ಅತ್ತೆ ಮುಖ ತೊಳೆದುಕೊಂಡು, ಎಲ್ಲಿ ಬಿಟ್ಟಿದ್ದೆ ಎಂದು ಚಾಕು ಹುಡುಕಿ ಮತ್ತೆ ತರಕಾರಿ ಹೆಚ್ಚಲು ಕೂತರು.

ವರ್ಷ ಮುಗಿಯುತ್ತ ಬಂತು. ಹಳೆಯ ಕಾರಿನ ಕೊನೆಯ ಕೆಲಸ ಅತ್ತೆಯ ಪರೀಕ್ಷೆ. ಸಾರಿಗೆ ಕಚೇರಿಯ ಮೈದಾನದಲ್ಲಿ ಅತ್ತೆ ಎಂಟರ ಆಕಾರದಲ್ಲಿ ಕಾರು ಸುತ್ತಿಸಿದರು, ಏರಿನಲ್ಲಿ ನಿಲ್ಲಿಸಿ ಹೊರಟರು. ಇನ್‌ಸ್ಪೆಕ್ಟರು ಪಾಸು ಎಂದರು. ಮಾವ ದೂರದಲ್ಲಿ ಮರದ ಕೆಳಗೆ ನಿಂತು ನೆಲ ಒತ್ತುತ್ತಿದ್ದರು. ಪಾಸಾದ ಸುದ್ದಿಗೆ ಅವರು ಅತ್ತೆಯ ಬೆನ್ನು ತಟ್ಟಿ, ಗೆದ್ದೆ ನೀನು ಎಂದರು. ಆಮೇಲೆ ಹಳೆಯ ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತರು. ಆ ನಿಲುವನ್ನು ನೋಡಲಾಗದೆ ನಾನು ಬೇರೆ ಕಡೆ ತಿರುಗಿದೆ.

ಲೈಸೆನ್ಸು ಕೈಗೆ ಬಂದ ದಿನ ಅತ್ತೆ ರಜೆ ಹಾಕಿ, ನನ್ನ ಅಂಗಡಿಗೂ ರಜೆ ಹಾಕಿಸಿ, ಮಾವನಿಗೆ ಶರ್ಟು ಬದಲಿಸಿ ಬನ್ನಿ ಎಂದರು. ಎಲ್ಲಿಗೆ ಎಂದರೆ ಟ್ಯಾಂಕಿನ ಹತ್ತಿರದ ಶೋರೂಮಿಗೆ. ಅಲ್ಲಿ ಏನಿದೆ ಈಗ, ಬರೀ ನೆಲ ಎಂದೆ ನಾನು. ಅತ್ತೆ ತಮ್ಮ ಕಿಟಕಿಯ ಅನುಭವ ಹೇಳಿದರು. ನಿಲ್ದಾಣದಲ್ಲಿ ಜನ ಬಂದು ಮುಂದಿನ ಬಸ್ಸು ಯಾವಾಗ ಎಂದು ಕೇಳುತ್ತಾರೆ, ಅವರ ಬೆನ್ನ ಹಿಂದೆಯೇ ಅವರ ಬಸ್ಸು ನಿಂತಿರುತ್ತದೆ, ನಿಂತಿರುವುದನ್ನು ಯಾರೂ ನೋಡುವುದಿಲ್ಲ, ನಾವೂ ನೋಡಿಲ್ಲ ಎಂದರು. ನಮಗಿಬ್ಬರಿಗೂ ಅರ್ಥವಾಗಲಿಲ್ಲ. ಅರ್ಥವಾಗದೆಯೇ ಬಸ್ಸು ಹತ್ತಿದೆವು.

ಶೋರೂಮಿನ ಗೇಟಿನ ಒಳಗೆ, ಎಡಕ್ಕೆ, ಸಣ್ಣ ಕಾರೊಂದು ನಿಂತಿತ್ತು. ನಾವು ಇಷ್ಟು ಸಲ ಅದನ್ನು ದಾಟಿಕೊಂಡೇ ಒಳಗೆ ಹೋಗಿದ್ದೆವು. ಎರಡೂ ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ‘ಓಡಿಸಿ ನೋಡಿ’ ಎಂದು ಅಂಟಿಸಿತ್ತು. ಕೊಳ್ಳುವ ಮೊದಲು ಓಡಿಸಿ ನೋಡುವವರಿಗೆಂದು ಇಟ್ಟ ಕಾರು, ಅತ್ತೆ ಬಸ್ಸಿನ ಕಿಟಕಿಯಿಂದ ಕಂಡಿದ್ದರಂತೆ. ಅತ್ತೆ ಒಳಗೆ ಹೋಗಿ ಹುಡುಗಿಯ ಎದುರು ಹೊಸ ಲೈಸೆನ್ಸು ಇಟ್ಟು, ನನಗೆ ಓಡಿಸಿ ನೋಡಬೇಕು ಎಂದರು. ಹುಡುಗಿ ಕೀಲಿ ತಂದಳು.

ಶೋರೂಮಿನ ನಿಯಮದಂತೆ ಪಕ್ಕದ ಸೀಟು ಹುಡುಗಿಯದು. ಮಾವ ಹಿಂದೆ, ನನ್ನ ಜೊತೆ. ಅವರಿಗೆ ಕೈಕಾಲು ಎಲ್ಲಿಡಬೇಕೆಂದೇ ತೋಚಲಿಲ್ಲ. ಬೆಲ್ಟು ಹಾಕಿಕೊಂಡು, ಮುಂದಿನ ಸೀಟಿನ ಬೆನ್ನು ಹಿಡಿದು, ಪರೀಕ್ಷೆಗೆ ಕೂತ ಮಗುವಿನ ಹಾಗೆ ಕೂತರು. ಅತ್ತೆ ಕನ್ನಡಿ ಸರಿಮಾಡಿಕೊಂಡರು, ಗೇರು ಹಾಕಿದರು, ಹೊರಟರು. ಮಾವನ ಕಾಲು ನೆಲದಲ್ಲಿ ಇಲ್ಲದ ಬ್ರೇಕನ್ನು ಹುಡುಕುತ್ತಿತ್ತು. ಅತ್ತೆ ಬೇಕೆಂದೇ ಟ್ಯಾಂಕಿನ ಏರಿನ ಕಡೆ ತಿರುಗಿಸಿದರು. ಬೇಕೆಂದೇ ಅದರ ನಡುವೆ ನಿಲ್ಲಿಸಿದರು.

ನಾನು ಮಾವನ ಮುಖ ನೋಡಿದೆ. ಅವರ ತುಟಿ ತೆರೆಯಿತು. ಆ ಎರಡಕ್ಷರ ಅಲ್ಲೇ, ನಾಲಿಗೆಯ ತುದಿಯಲ್ಲೇ ಇತ್ತು. ತುಟಿ ಮುಚ್ಚಿತು. ಮುಂದಿನ ಸೀಟಿನಲ್ಲಿ ಅತ್ತೆ ತಮಗೇ ಎಂಬಂತೆ “ಬಿಡಿ” ಎಂದುಕೊಂಡರು, ಬಿಟ್ಟರು, ಕಾರು ಏರು ಹತ್ತಿತು. ಮಾವ ಸೀಟಿನ ಬೆನ್ನಿನಿಂದ ಕೈ ತೆಗೆದು ಹಿಂದಕ್ಕೆ ಒರಗಿದರು. ಅವರು ಕಾರಿನಲ್ಲಿ ಒರಗಿ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಕಿಟಕಿಯ ಹೊರಗೆ ಮನೆಗಳು, ಒಗೆದು ಒಣಹಾಕಿದ ಬಟ್ಟೆಗಳು, ಗೇಟಿನ ಮೇಲೆ ಕೂತ ಬೆಕ್ಕು, ಎಲ್ಲವನ್ನೂ ಊರನ್ನು ಈಗ ತಾನೇ ಕಟ್ಟಿದ್ದಾರೆ ಎಂಬಂತೆ ನೋಡುತ್ತಿದ್ದರು.

ವಾಪಸು ಬಂದು ಕಾರು ನಿಲ್ಲಿಸಿ, ಇಳಿದು, ಅತ್ತೆ ಕೀಲಿಯನ್ನು ಹುಡುಗಿಗೆ ಕೊಡಲಿಲ್ಲ. ಇದನ್ನೇ ಕೊಡಿ ಎಂದರು. ಹುಡುಗಿ ಗಲಿಬಿಲಿಗೊಂಡಳು. ಇದು ಮಾರುವುದಲ್ಲ ಮೇಡಂ, ಕಂಡಕಂಡವರೆಲ್ಲ ಓಡಿಸಿದ್ದಾರೆ, ಗೇರು ಕಿರುಚಿಸಿದ್ದಾರೆ, ಗೀಚಿದ್ದಾರೆ, ಕ್ಲಚ್ಚಿನ ಮೇಲೆ ಕುಣಿದಿದ್ದಾರೆ ಎಂದಳು.

“ನಮ್ಮಲ್ಲಿಗೆ ಬಂದ್ಮೇಲೂ ಅದಕ್ಕೆ ಅದೇ ಕೆಲಸ,” ಎಂದರು ಅತ್ತೆ. “ಅಭ್ಯಾಸ ಆಗಿರೋ ಗಾಡಿನೇ ಒಳ್ಳೇದು.”

ಮಾವ ಆಗಲೇ ಪಕ್ಕದ ಸೀಟಿನಲ್ಲಿ ಕೂತು, ಕಾಲು ಚಾಚಿ, ಕಣ್ಣು ಮುಚ್ಚಿದ್ದರು. ಹುಡುಗಿ ಒಳಗೆ ಓಡಿದಳು. ಮ್ಯಾನೇಜರು ಟೈ ಸರಿಮಾಡಿಕೊಳ್ಳುತ್ತ ಬಂದರು. ಹೊಸ ಮಾದರಿ ಬಂದ ಮೇಲೆ ಈ ಕಾರನ್ನು ಹೇಗೂ ತೆಗೆಯುವುದಿತ್ತು, ಇನ್ನೊಬ್ಬರೂ ಕೇಳಿದ್ದಾರೆ, ಬೇಕಿದ್ದರೆ ಈಗಲೇ ಹೇಳಿ ಎಂದರು. ಮಾವ ಕಾರಿನಿಂದ ಇಳಿದು ಬಂದು ನಿಂತರು. ನುಣ್ಣನೆಯ ನೆಲದ ಮೇಲೆ ಎಲ್ಲರೂ ನಿಂತಿದ್ದೆವು. ಹುಡುಗಿ ಮಾವನ ಎದುರಿಗೇ ಬಂದು, ಅವರ ಎರಡೂ ಕಿವಿಯಲ್ಲಿ ಫೋನಿಲ್ಲ ಎಂಬುದನ್ನು ನೋಡಿಕೊಂಡು, ಒಂದೊಂದೇ ಮಾತು ಬಿಡಿಸಿ ಕೇಳಿದಳು.

“ಸಾರ್, ಈ ಸಲ ಎದುರಿಗೇ ಕೇಳ್ತಿದೀನಿ. ಇಟ್ಕೊಳ್ಳಲಾ, ಬಿಡ್ಲಾ?”

ಮಾವನಿಗೆ ಆ ಕಾರು ಎಷ್ಟು ಬೇಕಾಗಿತ್ತು ಎಂಬುದು ನನಗೆ ಗೊತ್ತು. ಅದಿಲ್ಲದಿದ್ದರೆ ನಾಳೆಯಿಂದ ಪರದೆಯ ಪಕ್ಕದ ಕುರ್ಚಿ. ಹೂಂ ಎಂದರೆ ಮುಗಿಯುತ್ತಿತ್ತು. ಅವರು ಹೂಂ ಎನ್ನಲಿಲ್ಲ. ಹುಡುಗಿಯನ್ನು ಬಿಟ್ಟು ಅತ್ತೆಯ ಕಡೆ ತಿರುಗಿದರು. ಅತ್ತೆ ಹೆಗಲಿಗೆ ಚೀಲ ಹಾಕಿಕೊಂಡು ನೆಲದ ಮೇಲೆ ನಿಂತಿದ್ದರು, ಸ್ಟೀರಿಂಗು ಎಲ್ಲೋ, ಅವರೆಲ್ಲೋ.

“ನೀವು ಹೇಳಿ,” ಎಂದರು ಮಾವ.

ಅತ್ತೆಗೆ ಕೇಳಿಸಿತು. ನನಗೂ ಕೇಳಿಸಿತು. ಆ ಮಾತು ಪೂರ್ತಿ ಒಳಗೆ ಇಳಿಯುವವರೆಗೆ ಅತ್ತೆ ಹೆಗಲಿನ ಚೀಲ ಸರಿಮಾಡಿಕೊಂಡರು. ಆಮೇಲೆ ಇಡೀ ಶೋರೂಮಿಗೆ ಕೇಳುವಂತೆ, ನಿಲ್ದಾಣದ ಮೈಕಿನ ದನಿಯಲ್ಲಿ ಹೇಳಿದರು.

“ಇಟ್ಕೊಳ್ಳೋಣ ಬಿಡಿ.”

ಹುಡುಗಿಯ ಮುಖ ಬಿಳುಪೇರಿತು. “ಅಯ್ಯೋ ಮೇಡಂ, ಇಟ್ಕೊಳ್ಳೋದಾ, ಬಿಡೋದಾ?”

ಮೊದಲು ನಕ್ಕದ್ದು ಮಾವ. ಅವರು ನಗುತ್ತ ನಗುತ್ತ ಪಕ್ಕದ ಕುರ್ಚಿ ಹಿಡಿದುಕೊಂಡರು, ಬಲಗಾಲು ನೆಲ ಒತ್ತುತ್ತಿತ್ತು, ನಗು ಮಾತ್ರ ನಿಲ್ಲಲಿಲ್ಲ.

ಈಗ ಆ ಕಾರಿಗೆ ಪಕ್ಕದ ಸೀಟಿನ ಕೆಳಗೆ ಇನ್ನೊಂದು ಬ್ರೇಕು ಬಂದಿದೆ. ರಸ್ತೆ ಚಿಹ್ನೆಗಳ ಪಟ ಆಫೀಸಿನ ಗೋಡೆಗೆ ಮರಳಿದೆ. ಬಾಗಿಲ ಮೇಲಿನ ‘ಓಡಿಸಿ ನೋಡಿ’ ಅಕ್ಷರಗಳನ್ನು ತೆಗೆಯುವುದು ಬೇಡ, ಶಾಲೆಗೆ ಅದಕ್ಕಿಂತ ಒಳ್ಳೆಯ ಬೋರ್ಡು ಬೇಕೇ ಎಂದು ನಾನು ಹೇಳಿದ್ದರಿಂದ ಅದೂ ಹಾಗೆಯೇ ಉಳಿದಿದೆ. ಮನೆಯಲ್ಲಿ ಮಾವ ಹಳೆಯ ಮಾವನೇ. ನೀರು ಕೊಡು, ಬಾಗಿಲು ಹಾಕು ಎಂದೇ ಅನ್ನುತ್ತಾರೆ. ಆದರೆ ಆಗೊಮ್ಮೆ ಈಗೊಮ್ಮೆ ಬಾಯಿತಪ್ಪಿಯೋ ಏನೋ, ಊಟದ ನಡುವೆ, ನೀವೂ ಕೂತ್ಕೊಳ್ಳಿ ಎಂಬ ಮಾತು ಬಂದುಬಿಡುತ್ತದೆ. ಊರಿನ ಗದ್ದಲದಲ್ಲಿ ಎಂಥ ಪಿಸುಮಾತನ್ನೂ ಹಿಡಿಯಬಲ್ಲ ಅತ್ತೆಗೆ ಆಗ ಮಾತ್ರ ಕಿವಿ ಮಂದವಾಗುತ್ತದೆ.

“ಏನಂದ್ರಿ?” ಎಂದು ಇನ್ನೊಂದು ಸಲ ಹೇಳಿಸುತ್ತಾರೆ.